ಚೆಂಡಿಲ್ಲದ ಮೂವತ್ತಾರು ನಿಮಿಷ

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದ ಡ್ರಿಲ್ ಮೇಷ್ಟರು ಮದರಾಸಿನ ವೈ.ಎಂ.ಸಿ.ಎ. ವ್ಯಾಯಾಮ ಕಾಲೇಜಿನಲ್ಲಿ ತರಬೇತಾಗಿ ಬಂದವರು. ಅಂಕಣವೆಂದರೆ ಕೆಮ್ಮಣ್ಣಿನ ನೆಲ; ಎರಡು ತುದಿಗಳಲ್ಲಿ ಮರದ ಕಂಬ, ಒಂದು ಹಲಗೆ, ಬಲೆಯಿಲ್ಲದ ಕಬ್ಬಿಣದ ಬಳೆ. ಆಟಕ್ಕಿಳಿಸುವ ಮುನ್ನ ಅವರು ನಮ್ಮಿಂದ ಒಂದು ಲೆಕ್ಕ ಮಾಡಿಸುತ್ತಿದ್ದರು. ಪಂದ್ಯ 40 ನಿಮಿಷದ್ದು, ಅಂಕಣದಲ್ಲಿರುವವರು 10 ಮಂದಿ, ಚೆಂಡು ಒಂದೇ. ಎಲ್ಲರಿಗೂ ಸಮನಾಗಿ ಹಂಚಿದರೆ ಒಬ್ಬೊಬ್ಬನ ಪಾಲಿಗೆ ಬರುವುದು 4 ನಿಮಿಷ. ಉಳಿದ 36 ನಿಮಿಷ ನೀವೇನು ಮಾಡುತ್ತೀರಿ ಎಂಬುದು ಅವರ ಪ್ರಶ್ನೆ. ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ತಿಳಿಯಬೇಕೆಂಬ ಇಚ್ಛೆಯೂ ಇರಲಿಲ್ಲ. ಕೈಗೆ ಬಂದ ಚೆಂಡನ್ನು ಬಿಡಬಾರದೆಂಬುದೊಂದೇ ನಾವು ಬಲ್ಲ ಶಾಸ್ತ್ರ. ಅದನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದವರು ನಮ್ಮ ಶಾಲೆಯಲ್ಲಿ ಬೇರೊಬ್ಬರಿರಲಿಲ್ಲ.

ಆ ಲೆಕ್ಕ ನೆನಪಿನಿಂದ ಜಾರಿ ಅರ್ಧ ಶತಮಾನವೇ ಕಳೆಯಿತು. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗ ತನ್ನ ಕಂಪ್ಯೂಟರಿನಲ್ಲಿ ಹಳೆಯ ಪಂದ್ಯಗಳ ಚಿತ್ರಮುದ್ರಿಕೆಗಳನ್ನು ತೋರಿಸುತ್ತ, ಗುಂಗುರು ಕೂದಲಿನ ಒಬ್ಬ ತರುಣನ ಕಡೆಗೆ ನನ್ನ ಗಮನವನ್ನು ಸೆಳೆದ. ಅವನೇ ಡ್ರಾಜೆನ್ ಪೆಟ್ರೊವಿಚ್. ಒಂದು ಮುದ್ರಿಕೆ 1986ರದು, ಇನ್ನೊಂದು 1993ರದು. ನಡುವೆ ಏಳೇ ವರ್ಷ. ಎರಡರಲ್ಲಿಯೂ ಆಡುತ್ತಿರುವವನು ಒಬ್ಬನೇ ಎಂದು ಹುಡುಗ ಹೇಳದಿದ್ದರೆ ನಾನು ನಂಬುತ್ತಿರಲಿಲ್ಲ. ಮೊದಲನೆಯದರಲ್ಲಿ ಚೆಂಡು ಅವನನ್ನು ಅಗಲುವುದೇ ಇಲ್ಲ. ಎರಡನೆಯದರಲ್ಲಿ ಅವನು ಚೆಂಡಿನಿಂದ ದೂರ ದೂರ ಓಡುತ್ತಲೇ ಇರುತ್ತಾನೆ. ಈ ಏಳು ವರ್ಷಗಳಲ್ಲಿ ಏನು ನಡೆಯಿತೆಂಬ ಕುತೂಹಲ ಹುಟ್ಟಿ, ಅವನ ವಿಷಯ ಸಿಕ್ಕಿದಲ್ಲೆಲ್ಲ ಓದಿದೆ. ಓದಿ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ಆಟದ ಗೊಡವೆ ತಮಗೆ ಬೇಡವೆನ್ನುವವರೂ ಸ್ವಲ್ಪ ತಾಳ್ಮೆ ವಹಿಸಬೇಕೆಂದು ಪ್ರಾರ್ಥನೆ.

ಏಡ್ರಿಯಾಟಿಕ್ ಸಮುದ್ರದ ದಡದಲ್ಲಿ, ಈಗಿನ ಕ್ರೊಯೇಷಿಯ ದೇಶದಲ್ಲಿ, ಶಿಬೆನಿಕ್ ಎಂಬುದೊಂದು ಊರಿದೆ. ಬರಿಯ ಕಲ್ಲಿನಿಂದಲೇ ಕಟ್ಟಿದ ಅಲ್ಲಿನ ಸೇಂಟ್ ಜೇಮ್ಸ್ ಮಹಾಮಂದಿರ ಜಗತ್ಪ್ರಸಿದ್ಧ. 1964ರ ಅಕ್ಟೋಬರ್ 22ರಂದು ಡ್ರಾಜೆನ್ ಹುಟ್ಟಿದಾಗ ಆ ಊರು ಯುಗೋಸ್ಲಾವಿಯಕ್ಕೆ ಸೇರಿತ್ತು. ತಂದೆ ಪೊಲೀಸಿನವರು, ತಾಯಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಐದು ವರ್ಷ ಹಿರಿಯನಾದ ಅಣ್ಣ ಅಲೆಕ್ಸಾಂಡರ್ ಆಗಲೇ ಬ್ಯಾಸ್ಕೆಟ್‌ಬಾಲಿನಲ್ಲಿ ಹೆಸರು ಮಾಡುತ್ತಿದ್ದ. ತಮ್ಮನು ಅಣ್ಣನ ಹಿಂದೆ ಅಂಕಣಕ್ಕೆ ಹೋದವನು ಮತ್ತೆ ಅಲ್ಲಿಂದ ಹಿಂದಿರುಗಲಿಲ್ಲವೆಂದೇ ಹೇಳಬೇಕು.

ಅವನ ಬಾಲ್ಯದ ಕಥೆಗಳಲ್ಲಿ ಎಲ್ಲರೂ ಹೇಳುವುದು ಬೀಗದ ಕೈಯ ಸಂಗತಿಯನ್ನು. ಬಾಲ್ಡೆಕಿನ್ ಎಂಬಲ್ಲಿ ಊರಿನ ಕ್ರೀಡಾಭವನ. ಅದರ ಬೀಗದ ಕೈಯನ್ನು ಈ ಹುಡುಗನಿಗೆ ಕೊಟ್ಟುಬಿಟ್ಟಿದ್ದರು. ಶಾಲೆಗೆ ಹೋಗುವ ಮುಂಚೆ, ಊರಿಗೆ ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಅವನು ಬಾಗಿಲು ತೆಗೆದು ಒಳಗೆ ಹೋಗಿ ಬುಟ್ಟಿಗೆ 500 ಎಸೆತಗಳನ್ನು ಎಸೆದು, ಆಮೇಲೆ ಪಾಠಕ್ಕೆ ಹೋಗುತ್ತಿದ್ದ. ಸಂಜೆ ಮತ್ತೆ ಅದೇ ಕೆಲಸ. ಯಾರೂ ನೋಡುವವರಿಲ್ಲ, ಚಪ್ಪಾಳೆಯಿಲ್ಲ, ಎದುರಾಳಿಯೂ ಇಲ್ಲ. ಮುಂದೆ ಲಕ್ಷಾಂತರ ಜನರ ಚಪ್ಪಾಳೆಯನ್ನು ಅತಿಯಾಗಿ ಬಯಸಿದನೆಂದು ನಿಂದೆಗೊಳಗಾದವನು ದಿನದ ಮೊದಲ ಗಂಟೆಯನ್ನು ಖಾಲಿ ಭವನದಲ್ಲಿ ಕಳೆಯುತ್ತಿದ್ದನೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಅವನು ಎಷ್ಟು ಊರು ಬದಲಿಸಿದರೂ, ಎಷ್ಟು ಹಣ ಗಳಿಸಿದರೂ, ಈ ಅಭ್ಯಾಸವೊಂದು ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ.

ಹದಿನೈದನೆಯ ವಯಸ್ಸಿಗೆ ಅವನು ಊರಿನ ಶಿಬೆಂಕ ತಂಡದ ಹಿರಿಯರೊಡನೆ ಆಡತೊಡಗಿದ. ಸಣ್ಣ ಊರಿನ ಆ ತಂಡ 1982ರಲ್ಲಿಯೂ 1983ರಲ್ಲಿಯೂ ಯುರೋಪಿನ ಕೊರಾಚ್ ಕಪ್ಪಿನ ಅಂತಿಮ ಪಂದ್ಯವನ್ನು ತಲಪಿತು; ಎರಡು ಸಲವೂ ಫ್ರಾನ್ಸಿನ ಲಿಮೋಜ್ ತಂಡಕ್ಕೆ ಸೋತಿತು. ಆದರೆ 1983ರ ಏಪ್ರಿಲ್ ತಿಂಗಳಲ್ಲಿ ನಡೆದದ್ದು ಈ ಸೋಲುಗಳಿಗಿಂತ ಕಹಿಯಾದದ್ದು. ಯುಗೋಸ್ಲಾವಿಯದ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕಾಗಿ ಶಿಬೆಂಕವೂ ಸರಾಯೆವೊ ನಗರದ ಬೋಸ್ನ ತಂಡವೂ ಶಿಬೆನಿಕ್ಕಿನಲ್ಲಿಯೇ ಎದುರಾದವು. ಕಾಲ ಮುಗಿಯುವ ಕ್ಷಣದಲ್ಲಿ ಶಿಬೆಂಕ ಒಂದು ಅಂಕದಿಂದ ಹಿಂದಿದ್ದಾಗ, ಡ್ರಾಜೆನ್ ಮೇಲೆ ಫೌಲ್ ಆಯಿತೆಂದು ರೆಫರಿ ಸೀಟಿ ಊದಿದ. ಹದಿನೆಂಟು ವರ್ಷದ ಹುಡುಗ ಎರಡು ಫ್ರೀ ಥ್ರೋಗಳನ್ನು ಎಸೆಯಲು ಗೆರೆಯ ಬಳಿ ನಿಂತ. ಎರಡೂ ಬುಟ್ಟಿಗೆ ಬಿದ್ದುವು. 83ಕ್ಕೆ 82. ಊರಿಗೆ ಊರೇ ರಾತ್ರಿಯೆಲ್ಲ ಕುಣಿಯಿತು. ಬೆಳಗಾಗುವಷ್ಟರಲ್ಲಿ, ರೆಫರಿಯ ತೀರ್ಪು ಸರಿಯಲ್ಲವೆಂದು ಕ್ರೀಡಾಮಂಡಲಿ ಪಂದ್ಯವನ್ನೇ ರದ್ದುಮಾಡಿ, ಬೇರೆ ಊರಿನಲ್ಲಿ ಮತ್ತೆ ಆಡಬೇಕೆಂದು ಆಜ್ಞೆ ಮಾಡಿತು. ಶಿಬೆಂಕದವರು ಹೋಗಲಿಲ್ಲ. ಪಟ್ಟ ಬೋಸ್ನಕ್ಕೆ ಸಂದಿತು. ಗೆದ್ದದ್ದು ತನ್ನ ಕೈಯಲ್ಲಿಯೇ ಉಳಿಯುವುದೆಂಬ ಭರವಸೆಯಿಲ್ಲವೆಂದು ಆ ವಯಸ್ಸಿನಲ್ಲೇ ಕಲಿತ ಹುಡುಗ, ಮುಂದಿನ ಆರು ವರ್ಷ ಚೆಂಡನ್ನು ಯಾರ ಕೈಗೂ ಕೊಡಲಾರದವನಂತೆ ಆಡಿದನೆಂದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಒಂದು ವರ್ಷ ಕಡ್ಡಾಯದ ಸೈನ್ಯಸೇವೆ ಮುಗಿಸಿ 1984ರಲ್ಲಿ ಅವನು ಜಾಗ್ರೆಬ್ ನಗರದ ಸಿಬೋನ ತಂಡವನ್ನು ಸೇರಿದ. ಅಣ್ಣನೂ ಅದೇ ತಂಡದಲ್ಲಿದ್ದ. ಅಲ್ಲಿಂದ ಮುಂದಿನ ನಾಲ್ಕು ವರ್ಷ ಯುರೋಪಿನ ಬ್ಯಾಸ್ಕೆಟ್‌ಬಾಲ್ ಎಂದರೆ ಇವನೇ ಎಂಬಂತಾಯಿತು. 1985ರಲ್ಲಿ ಅಥೆನ್ಸಿನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿ ಸಿಬೋನ ಯುರೋಪಿನ ಚಾಂಪಿಯನ್ ಆದಾಗ 87 ಅಂಕಗಳಲ್ಲಿ 36 ಇವನವು. ಮರುವರ್ಷ ಬುಡಾಪೆಸ್ಟಿನಲ್ಲಿ, ಮಹಾಕಾಯನಾದ ಸಬೋನಿಸ್ ಇದ್ದ ಲಿಥುವೇನಿಯದ ಜಲ್ಗಿರಿಸ್ ತಂಡವನ್ನು ಗೆದ್ದು ಮತ್ತೆ ಅದೇ ಪಟ್ಟ. 1985ರ ಅಕ್ಟೋಬರಿನಲ್ಲಿ ಲುಬ್ಲಿಯಾನದ ಒಲಿಂಪಿಯ ತಂಡದ ಮೇಲೆ ಒಂದೇ ಪಂದ್ಯದಲ್ಲಿ 112 ಅಂಕ. ಈ ಸಂಖ್ಯೆಯನ್ನು ಕೇಳಿ ಬೆರಗಾಗುವವರಿಗೆ ಒಂದು ಮಾತು: ಅಂದು ಎದುರಾಳಿಗಳು ಆಡಿಸಿದ್ದು ಕಿರಿಯರ ತಂಡವನ್ನು. ಹುಡುಗರ ಮೇಲೆ 112 ಹೊಡೆಯುವುದು ಪರಾಕ್ರಮವೇ ಎಂದು ಕೇಳಬಹುದು. ನನಗೆ ಅದರಲ್ಲಿ ಮೆಚ್ಚಿಗೆಯಾದದ್ದು ಬೇರೊಂದು ಅಂಶ. ಆ ದಿನ ಅವನು ಎಸೆದ 22 ಫ್ರೀ ಥ್ರೋಗಳಲ್ಲಿ ಒಂದೂ ತಪ್ಪಲಿಲ್ಲ. ಎದುರಾಳಿ ಹಸುಳೆಯಾದರೂ ಬುಟ್ಟಿಯ ಅಳತೆ ಹಿಗ್ಗುವುದಿಲ್ಲವಷ್ಟೆ.

ಆ ಕಾಲದ ಅವನ ಆಟ ಹೇಗಿತ್ತೆಂದು ಹೇಳಬೇಕು. ಎತ್ತರ 196 ಸೆಂಟಿಮೀಟರ್. ಈ ಆಟದವರಲ್ಲಿ ಅದೇನೂ ಹೆಚ್ಚಲ್ಲ. ಓಟವೂ ಅಸಾಧಾರಣವಲ್ಲ. ಆದರೆ ಚೆಂಡನ್ನು ಪುಟಿಸುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಕಾಲಿನ ಸಂದಿನಲ್ಲಿ ಒಮ್ಮೆ, ಬೆನ್ನ ಹಿಂದೆ ಒಮ್ಮೆ ಪುಟಿಸಿ, ಎಡಕ್ಕೆ ಹೋಗುವವನಂತೆ ಭುಜ ಬಾಗಿಸಿ ಬಲಕ್ಕೆ ನುಗ್ಗಿ, ಅಡ್ಡ ಬಂದವನು ಹಿಂದೆ ಸರಿದನೆಂದರೆ ನಿಂತಲ್ಲಿಂದಲೇ ಎಸೆದುಬಿಡುವನು; ಮುಂದೆ ಬಂದನೆಂದರೆ ಅವನನ್ನು ಬಳಸಿ ಬುಟ್ಟಿಯ ಕೆಳಗೆ ಹೋಗುವನು. ತಂಡದ ಪ್ರತಿಯೊಂದು ದಾಳಿಯೂ ಅವನ ಕೈಯಲ್ಲಿ ಮೊದಲಾಗಿ ಹೆಚ್ಚುಪಾಲು ಅವನ ಕೈಯಲ್ಲಿಯೇ ಮುಗಿಯುತ್ತಿತ್ತು. ಯುರೋಪಿನ ಪತ್ರಿಕೆಗಳು ಅವನನ್ನು ಸಂಗೀತಗಾರ ಮೊಜಾರ್ಟನಿಗೆ ಹೋಲಿಸಿದುವು. ಹೋಲಿಕೆ ಚೆಲುವಾಗಿದೆ. ಆದರೆ ವಾದ್ಯಗೋಷ್ಠಿಯ ಎಲ್ಲ ವಾದ್ಯಗಳನ್ನೂ ಒಬ್ಬನೇ ನುಡಿಸಲು ಹೊರಟವನಿಗೆ ಅದು ಎಷ್ಟರಮಟ್ಟಿಗೆ ಒಪ್ಪುತ್ತದೋ ನಾನರಿಯೆ.

ನನಗೆ ಹಿಡಿಸದ ಇನ್ನೊಂದು ಸಂಗತಿಯನ್ನೂ ಮರೆಮಾಚುವುದಿಲ್ಲ. ಅಂಕ ಗಳಿಸಿದ ಮೇಲೆ ಅವನು ಎರಡು ತೋಳುಗಳನ್ನೂ ವಿಮಾನದ ರೆಕ್ಕೆಗಳಂತೆ ಚಾಚಿ ಓಡುವನು, ಎದುರಾಳಿಗಳನ್ನು ಅಣಕಿಸುವನು, ಪರಸ್ಥಳದ ಪ್ರೇಕ್ಷಕರನ್ನು ಕೆಣಕುವನು. ಜಾಗ್ರೆಬ್ಬಿನ ಜನ ಅವನನ್ನು ದೇವರಂತೆ ಕಂಡರೆ, ಉಳಿದೆಡೆಗಳಲ್ಲಿ ಅವನು ಕಾಲಿಟ್ಟರೆ ಸಾಕು ಸಿಳ್ಳು, ಧಿಕ್ಕಾರ. ತರುಣನ ಸೊಕ್ಕೆಂದು ಕೆಲವರು ತಳ್ಳಿಹಾಕುತ್ತಾರೆ. ನಾನು ಅಷ್ಟು ಉದಾರಿಯಲ್ಲ. ಸೋತವನನ್ನು ಮತ್ತೊಮ್ಮೆ ಸೋಲಿಸುವ ಆ ಚಪಲ ಆಟದ ಶೋಭೆಯಲ್ಲ. ಅದೇ ಕೈ ಮರುದಿನ ಬೆಳಗ್ಗೆ ಯಾರೂ ಇಲ್ಲದ ಭವನದಲ್ಲಿ ನೂರಾರು ಸಲ ಒಂದೇ ಎಸೆತವನ್ನು ಸಾಧನೆ ಮಾಡುತ್ತಿತ್ತೆಂದು ನೆನೆದಾಗ ಮಾತ್ರ ಕೋಪ ಇಳಿಯುತ್ತದೆ.

1988ರಲ್ಲಿ ಅವನು ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡಕ್ಕೆ ಹೋದ. ಅಲ್ಲಿದ್ದದ್ದು ಒಂದೇ ವರ್ಷ. 1989ರ ವಸಂತದಲ್ಲಿ ಅಥೆನ್ಸಿನಲ್ಲಿ, ಇಟಲಿಯ ಕಸೆರ್ತ ತಂಡದ ಎದುರು ಕಪ್ ವಿನ್ನರ್ಸ್ ಕಪ್ಪಿನ ಅಂತಿಮ ಪಂದ್ಯ. ಎದುರು ಪಕ್ಷದಲ್ಲಿ ಬ್ರೆಜಿಲಿನ ಮಹಾ ಎಸೆತಗಾರ ಆಸ್ಕರ್ ಶ್ಮಿಟ್. ಅವನು 44 ಅಂಕ ಗಳಿಸಿದ. ಡ್ರಾಜೆನ್ ಗಳಿಸಿದ್ದು 62. ಹೆಚ್ಚಿನ ಅವಧಿಯಲ್ಲಿ ಮ್ಯಾಡ್ರಿಡ್ 117-113ರಿಂದ ಗೆದ್ದಿತು. ಆ ಪಂದ್ಯವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಡ್ರಾಜೆನ್‌ನನ್ನು ನೋಡಿ ದಂಗಾದೆ. ಎರಡನೆಯ ಸಲ ಅವನ ಸಂಗಡಿಗರನ್ನು ನೋಡಿದೆ. ಎಷ್ಟೋ ಕ್ಷಣಗಳಲ್ಲಿ ಅವರು ಕೈಗಳನ್ನು ಇಳಿಬಿಟ್ಟು, ಟಿಕೆಟ್ ಕೊಂಡು ಬಂದವರ ಹಾಗೆ, ನೋಡುತ್ತ ನಿಂತಿದ್ದಾರೆ. ನನಗೆ ನಮ್ಮ ಮಣ್ಣಿನ ಅಂಕಣವೂ, ನನ್ನ ಸುತ್ತ ಹೀಗೆಯೇ ನಿಂತಿರುತ್ತಿದ್ದ ನಾಲ್ವರು ಗೆಳೆಯರೂ ನೆನಪಾದರು. ನಾನೇನೂ 62 ಅಂಕ ಗಳಿಸುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ಗೆಲ್ಲುವುದಕ್ಕೆ ಯುರೋಪಿನಲ್ಲಿ ಇನ್ನೇನೂ ಉಳಿದಿರಲಿಲ್ಲ. ಅಮೆರಿಕದ ವೃತ್ತಿ ಆಟಗಾರರ ಒಕ್ಕೂಟವಾದ ಎನ್.ಬಿ.ಎ.ಯ ಪೋರ್ಟ್‌ಲೆಂಡ್ ತಂಡ 1986ರಲ್ಲಿಯೇ ಅವನನ್ನು ತನ್ನ ಪಟ್ಟಿಗೆ ಹಾಕಿಕೊಂಡಿತ್ತು. ಅದೂ ಮೂರನೆಯ ಸುತ್ತಿನಲ್ಲಿ, 60ನೆಯವನಾಗಿ. 1989ರಲ್ಲಿ ಅವನು ಸಮುದ್ರ ದಾಟಿದ. ಇಲ್ಲಿಂದಲೇ ನನ್ನ ಕಥೆಯ ನಿಜವಾದ ಆರಂಭ.

ಪೋರ್ಟ್‌ಲೆಂಡಿನಲ್ಲಿ ಅವನ ಸ್ಥಾನದಲ್ಲಿ ಆಗಲೇ ಕ್ಲೈಡ್ ಡ್ರೆಕ್ಸ್‌ಲರ್, ಟೆರಿ ಪೋರ್ಟರ್ ಎಂಬ ಇಬ್ಬರು ಗಟ್ಟಿಗರಿದ್ದರು. ಆ ತಂಡ 1990ರಲ್ಲಿ ಎನ್.ಬಿ.ಎ. ಅಂತಿಮ ಹಂತದವರೆಗೂ ಹೋದ ತಂಡ; ಹೊಸಬನಿಗಾಗಿ ಏನನ್ನೂ ಬದಲಿಸುವ ಅಗತ್ಯ ಅದಕ್ಕಿರಲಿಲ್ಲ. ಇದಲ್ಲದೆ ಬೇರೆ ತೊಡಕುಗಳೂ ಇದ್ದುವು. ಯುರೋಪಿನಲ್ಲಿ ಮೂರು ಅಂಕದ ಗೆರೆ ಬುಟ್ಟಿಯಿಂದ 6.25 ಮೀಟರ್ ದೂರದಲ್ಲಿದ್ದರೆ, ಅಮೆರಿಕದಲ್ಲಿ ಬುಟ್ಟಿಯ ನೇರಕ್ಕೆ 7.24 ಮೀಟರ್. ಹೆಚ್ಚುಕಡಮೆ ಒಂದು ಮೀಟರಿನ ಅಂತರ. ಸಾವಿರಾರು ಸಲ ಒಂದೇ ದೂರಕ್ಕೆ ಪಳಗಿದ ತೋಳಿಗೆ ಅದು ಸಣ್ಣ ಮಾತಲ್ಲ. ಎದುರಾಳಿಗಳು ಇವನಿಗಿಂತ ಚುರುಕು, ಇವನಿಗಿಂತ ಬಲಿಷ್ಠರು. ಭುಜ ಬಾಗಿಸಿ ಮಾಡುವ ಮೋಸಕ್ಕೆ ಅವರು ಬೀಳುತ್ತಿರಲಿಲ್ಲ, ಬಿದ್ದರೂ ಮರುಕ್ಷಣ ಎದ್ದು ಬರುತ್ತಿದ್ದರು. ತನ್ನ ಎದುರಾಳಿಯನ್ನು ತಡೆಯುವ ಕಲೆಯಲ್ಲಂತೂ ಇವನು ಹಿಂದುಳಿದವನೇ. ಯುರೋಪಿನಲ್ಲಿ ಅದನ್ನು ಯಾರೂ ಇವನಿಂದ ಕೇಳಿರಲಿಲ್ಲ.

ಹೀಗಾಗಿ ಮೊದಲ ವರ್ಷ ಪಂದ್ಯವೊಂದಕ್ಕೆ ಸರಾಸರಿ 12 ನಿಮಿಷ ಆಡಲು ಸಿಕ್ಕಿತು. ಎರಡನೆಯ ವರ್ಷ ಅದು 7 ನಿಮಿಷಕ್ಕೆ ಇಳಿಯಿತು. ಎನ್.ಬಿ.ಎ. ಪಂದ್ಯ 48 ನಿಮಿಷದ್ದು. ಉಳಿದ ನಾಲ್ವತ್ತು ಚಿಲ್ಲರೆ ನಿಮಿಷ ಬೆಂಚಿನ ಮೇಲೆ. ಅಥೆನ್ಸಿನಲ್ಲಿ 62 ಅಂಕ ಹೊಡೆದವನು, ತನ್ನ ದೇಶದಲ್ಲಿ ರಸ್ತೆಯಲ್ಲಿ ನಡೆಯಲಾರದಷ್ಟು ಪ್ರಸಿದ್ಧನಾದವನು, ಮೊಣಕಾಲಿನ ಮೇಲೆ ಟವಲು ಹಾಕಿಕೊಂಡು ಇತರರ ಆಟವನ್ನು ನೋಡುತ್ತ ಕುಳಿತ ದೃಶ್ಯವನ್ನು ವಾಚಕರು ಊಹಿಸಿಕೊಳ್ಳಲಿ. ಅವನು ಇದನ್ನು ಸಮಾಧಾನದಿಂದ ಸಹಿಸಿದನೆಂದು ಬರೆದರೆ ಸುಳ್ಳಾಗುತ್ತದೆ. ಅವನು ಕುದಿದ, ತನ್ನನ್ನು ಆಡಿಸಬೇಕು ಇಲ್ಲವೇ ಬಿಟ್ಟುಕೊಡಬೇಕೆಂದು ಬಹಿರಂಗವಾಗಿಯೇ ಕೇಳಿದ. ಬೇರೊಬ್ಬನಾಗಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಯುರೋಪಿಗೆ ಮರಳುತ್ತಿದ್ದ. ಅಲ್ಲಿ ಅವನಿಗೆ ಸಿಂಹಾಸನ ಖಾಲಿಯಾಗಿಯೇ ಇತ್ತು. ಇವನು ಮರಳಲಿಲ್ಲ. ಅಭ್ಯಾಸ ಮುಗಿದು ಸಂಗಡಿಗರು ಮನೆಗೆ ಹೋದ ಮೇಲೆಯೂ ಭವನದಲ್ಲಿ ಉಳಿದು, ಶಿಬೆನಿಕ್ಕಿನ ಹುಡುಗನಂತೆ, ಒಂದಾದ ಮೇಲೊಂದು ಎಸೆಯುತ್ತಲೇ ಇದ್ದ. ಈಗ ಒಂದು ಮೀಟರು ಹಿಂದೆ ನಿಂತು.

1991ರ ಜನವರಿ 23ರಂದು ಪೋರ್ಟ್‌ಲೆಂಡ್ ಅವನನ್ನು ನ್ಯೂಜೆರ್ಸಿ ನೆಟ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ನೆಟ್ಸ್ ಆಗ ಸೋಲಿಗೆ ಹೆಸರಾದ ತಂಡ. ಆದ್ದರಿಂದಲೇ ಅಲ್ಲಿ ಜಾಗವಿತ್ತು. ಉಳಿದರ್ಧ ವರ್ಷದಲ್ಲಿ ಪಂದ್ಯಕ್ಕೆ 20 ನಿಮಿಷ ಆಡಿ 12 ಅಂಕದ ಸರಾಸರಿ ಗಳಿಸಿದ. ಆ ಬೇಸಿಗೆಯಲ್ಲಿ ಅವನು ವಿಶ್ರಮಿಸಲಿಲ್ಲ. ಭಾರ ಎತ್ತಿ ಮೈ ಗಟ್ಟಿಮಾಡಿಕೊಂಡ. 1991-92ರಲ್ಲಿ ತಂಡದ 82 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಆಡಿ, ಪಂದ್ಯಕ್ಕೆ 20.6 ಅಂಕ ಗಳಿಸಿದ. ನೆಟ್ಸ್ ಆರು ವರ್ಷಗಳ ಅನಂತರ ಮೊದಲ ಬಾರಿಗೆ ನಾಕ್‌ಔಟ್ ಹಂತಕ್ಕೆ ಏರಿತು.

ಈ ಅಂಕಗಳು ಹೇಗೆ ಬಂದುವು ಎಂಬುದೇ ಮುಖ್ಯ. ನೆಟ್ಸ್ ತಂಡದಲ್ಲಿ ಚೆಂಡನ್ನು ಮುಂದಕ್ಕೆ ತರುವ ಕೆಲಸ ಬೇರೆಯವರದು. ಚೆಂಡು ಅಂಕಣದ ಆಚೆ ಬದಿಯಲ್ಲಿರುವಾಗಲೇ ಡ್ರಾಜೆನ್ ಈಚೆ ಮೂಲೆಯಿಂದ ಓಡತೊಡಗುವನು. ದಾರಿಯಲ್ಲಿ ಸಂಗಡಿಗನೊಬ್ಬ ಕಂಬದಂತೆ ಅಲುಗಾಡದೆ ನಿಂತಿರುವನು. ಇವನು ಅವನ ಭುಜಕ್ಕೆ ತನ್ನ ಭುಜ ತಾಗುವಷ್ಟು ಹತ್ತಿರದಲ್ಲಿ ಹಾದುಹೋಗುವನು. ಹಿಂಬಾಲಿಸಿ ಬಂದ ಎದುರಾಳಿಗೆ ನುಸುಳಲು ಎಡೆಯಿಲ್ಲ; ಸುತ್ತು ಹಾಕಬೇಕು. ಆ ಸುತ್ತಿಗೆ ಹಿಡಿಯುವುದು ಒಂದು ಕ್ಷಣ. ಅಷ್ಟರಲ್ಲಿ ಇವನು ಮತ್ತೊಬ್ಬ ಸಂಗಡಿಗನ ಮರೆಗೆ ಹೋಗಿ, ನಡುವೆ ಹೆಜ್ಜೆ ತಡೆದು ಬಂದ ದಾರಿಯಲ್ಲಿಯೇ ಹಿಂದಿರುಗಿ, ಗೆರೆಯ ಹೊರಗೆ ಒಂಟಿಯಾಗಿ ನಿಂತಿರುವನು. ಪಾಸು ಬರುವ ಮೊದಲೇ ಕಾಲುಗಳು ಬುಟ್ಟಿಯ ಕಡೆ ತಿರುಗಿವೆ, ಮೊಣಕಾಲು ಬಾಗಿದೆ, ಅಂಗೈ ತೆರೆದಿದೆ. ಚೆಂಡು ಕೈ ಮುಟ್ಟಿದ್ದೂ ಕೈ ಬಿಟ್ಟದ್ದೂ ಒಂದೇ ಉಸಿರಿನಲ್ಲಿ ನಡೆದುಹೋಗುತ್ತದೆ. ಪುಟಿಸುವುದಿಲ್ಲ, ಬಳುಕುವುದಿಲ್ಲ. ನೋಡುವವರಿಗೆ ಇದರಲ್ಲಿ ವಿಶೇಷವೇನೂ ಕಾಣದು.

ಎಸೆತವಾದರೋ ಹಳೆಯದೇ. ಬಾಲ್ಡೆಕಿನ್ ಭವನದಲ್ಲಿ ಕೈಗೂಡಿದ ಅದೇ ಎಸೆತ. ಹೊಸದೆಂದರೆ ಎಸೆತಕ್ಕೆ ಮುಂಚಿನ ಎಂಟು ಹತ್ತು ಸೆಕೆಂಡು. ಅದನ್ನು ಅವನಿಗೆ ಕಲಿಸಿದ್ದು ಯಾವ ತರಬೇತುದಾರನೂ ಅಲ್ಲ, ಪೋರ್ಟ್‌ಲೆಂಡಿನ ಬೆಂಚು ಎಂದು ನನ್ನ ಊಹೆ. ಚೆಂಡು ಕೈಯಲ್ಲಿದ್ದವನಿಗೆ ಚೆಂಡು ಮಾತ್ರ ಕಾಣುತ್ತದೆ. ಒಂದೂವರೆ ವರ್ಷ ಪಕ್ಕದಲ್ಲಿ ಕುಳಿತು ನೋಡಿದವನಿಗೆ ಉಳಿದ ಒಂಬತ್ತು ಮಂದಿ ಎಲ್ಲಿ ಹೋಗುತ್ತಾರೆ, ಯಾವ ಜಾಗ ಯಾವಾಗ ತೆರವಾಗುತ್ತದೆ ಎಂಬುದು ಕಾಣುತ್ತದೆ. ಇದು ಊಹೆ ಮಾತ್ರ. ಅವನು ಹಾಗೆ ಎಲ್ಲಿಯೂ ಹೇಳಿದ್ದನ್ನು ನಾನು ಓದಿಲ್ಲ. ಬೆಂಚಿನ ಮೇಲೆ ಕುಳಿತ ಮನುಷ್ಯನಿಗೆ ಅದು ಪಾಠಶಾಲೆಯೆಂದು ಕಂಡೀತೆ? ಅವನಿಗೆ ಕಂಡದ್ದು ಅವಮಾನವೇ ಇರಬೇಕು.

ಅಂಕಿಗಳನ್ನು ಮೆಚ್ಚುವವರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ನೆಟ್ಸ್ ತಂಡದ ಎರಡು ಪೂರ್ಣ ವರ್ಷಗಳಲ್ಲಿ ಅವನ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬುಟ್ಟಿ ಸೇರಿದುವು. ಬುಟ್ಟಿಯ ಕೆಳಗೆ ನಿಂತು ಚೆಂಡನ್ನು ಇಳಿಬಿಡುವ ದೈತ್ಯರಿಗೆ ಇದು ಸಹಜ; ದೂರದಿಂದ ಎಸೆಯುವವನಿಗೆ ಅಪರೂಪ. 7.24 ಮೀಟರಿನ ಆ ಗೆರೆಯ ಹೊರಗಿನಿಂದಲೂ ನೂರಕ್ಕೆ 44. ಸೊಕ್ಕೂ ಹದಕ್ಕೆ ಬಂತು. ಮುಷ್ಟಿ ಬಿಗಿದು ಕೂಗುವುದನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಆದರೆ ಆ ಕೂಗು ಎದುರಾಳಿಯ ಕಡೆಗೆ ತಿರುಗುವುದಕ್ಕಿಂತ ತನ್ನ ಕಡೆಗೆ ತಿರುಗಿದ್ದೇ ಹೆಚ್ಚು.

ಈ ನಡುವೆ ಅವನು ಹುಟ್ಟಿದ ದೇಶ ಒಡೆದುಹೋಯಿತು. 1990ರ ಆಗಸ್ಟಿನಲ್ಲಿ ಬ್ಯೂನೊಸ್ ಐರಿಸ್ಸಿನಲ್ಲಿ ಯುಗೋಸ್ಲಾವಿಯ ವಿಶ್ವ ಚಾಂಪಿಯನ್ ಆದಾಗ ಡ್ರಾಜೆನ್‌ನೂ, ಸರ್ಬಿಯದವನಾದ ವ್ಲಾಡೆ ಡಿವಾಟ್ಸನೂ ಒಂದೇ ತಂಡದಲ್ಲಿದ್ದರು. ಇಬ್ಬರೂ ಒಂದೇ ವರ್ಷ ಅಮೆರಿಕಕ್ಕೆ ಹೋದವರು. ಪರದೇಶದ ಒಂಟಿತನದಲ್ಲಿ ಫೋನಿನ ಮೂಲಕ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡವರು. ಆ ಗೆಲುವಿನ ಸಂಭ್ರಮದಲ್ಲಿ ಪ್ರೇಕ್ಷಕನೊಬ್ಬ ಕ್ರೊಯೇಷಿಯದ ಧ್ವಜ ಹಿಡಿದು ಅಂಕಣಕ್ಕೆ ಬರಲು, ಇದು ಇಡೀ ಯುಗೋಸ್ಲಾವಿಯದ ಗೆಲುವೆಂದು ಡಿವಾಟ್ಸ್ ಅದನ್ನು ಕಿತ್ತುಕೊಂಡ. ಮರುವರ್ಷ ಯುದ್ಧ ಬಂತು. 1991ರ ಸೆಪ್ಟೆಂಬರಿನಲ್ಲಿ ಶಿಬೆನಿಕ್ಕಿನ ಮೇಲೂ ಫಿರಂಗಿಗಳು ಗುಂಡು ಹಾರಿಸಿದುವು. ಡ್ರಾಜೆನ್ ಗೆಳೆಯನೊಡನೆ ಮಾತು ಬಿಟ್ಟ. ಯಾರು ಸರಿ, ಯಾರು ತಪ್ಪು ಎಂದು ಇಷ್ಟು ದೂರದಲ್ಲಿ ಕುಳಿತು ತೀರ್ಪು ಕೊಡಲು ನಾನು ಯಾರು? ಆದರೆ ಅಂಕಣದಲ್ಲಿ ಚೆಂಡನ್ನು ಬಿಟ್ಟುಕೊಡಲು ಕಲಿಯುತ್ತಿದ್ದ ಆ ವರ್ಷಗಳಲ್ಲಿಯೇ ಈ ಮುನಿಸನ್ನು ಬಿಡಲು ಅವನಿಗೆ ಆಗಲಿಲ್ಲವೆಂಬುದನ್ನು ಮಾತ್ರ ಮರೆಯಲಾರೆ.

1992ರ ಬಾರ್ಸಿಲೋನ ಒಲಿಂಪಿಕ್ಸಿಗೆ ಕ್ರೊಯೇಷಿಯ ಸ್ವತಂತ್ರ ದೇಶವಾಗಿ ಬಂದಿತು. ಹಿಂದಿನ ಸೋವಿಯತ್ ರಾಷ್ಟ್ರಗಳ ಸಂಯುಕ್ತ ತಂಡದ ಎದುರು ಸೆಮಿಫೈನಲ್. ಕೊನೆಯ ಕೆಲವೇ ಸೆಕೆಂಡುಗಳಿರುವಾಗ ಒಂದು ಅಂಕದ ಹಿನ್ನಡೆ. ಡ್ರಾಜೆನ್‌ಗೆ ಎರಡು ಫ್ರೀ ಥ್ರೋ. ಒಂಬತ್ತು ವರ್ಷಗಳ ಹಿಂದೆ ಶಿಬೆನಿಕ್ಕಿನಲ್ಲಿ ಇದ್ದಂತೆಯೇ ಎಲ್ಲವೂ. ಎರಡೂ ಬಿದ್ದುವು. 75ಕ್ಕೆ 74. ಈ ಸಲ ಮರುದಿನ ಬೆಳಗ್ಗೆ ಬಂದು ಕಸಿದುಕೊಳ್ಳುವವರು ಯಾರೂ ಇರಲಿಲ್ಲ. ಅಂತಿಮ ಪಂದ್ಯದಲ್ಲಿ ಎದುರಾದದ್ದು ಮೈಕೆಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಮೊದಲಾದವರ ಅಮೆರಿಕದ ತಂಡ. ಮೊದಲರ್ಧದಲ್ಲಿ ಒಮ್ಮೆ ಕ್ರೊಯೇಷಿಯ 25-23ರಿಂದ ಮುಂದಿತ್ತು. ಕೊನೆಗೆ 117-85ರಿಂದ ಸೋತಿತು. ಡ್ರಾಜೆನ್ ಗಳಿಸಿದ್ದು 24 ಅಂಕ. ಸೋಲು ಖಚಿತವಾದ ಮೇಲೂ ಅವನು ಜೋರ್ಡನನ ಎದುರು ಎದೆ ಸೆಟೆಸಿ ಆಡಿದ್ದನ್ನು ನೋಡಿದರೆ, ಅಂಕಿಗಳ ಹಲಗೆಯನ್ನು ಅವನು ಓದಿಯೇ ಇರಲಿಲ್ಲವೇನೋ ಎನಿಸುತ್ತದೆ. ಆ ಅಮೆರಿಕನ್ ತಂಡದ ತರಬೇತುದಾರ ಚಕ್ ಡೇಲಿ ಅದೇ ವರ್ಷ ನೆಟ್ಸ್ ತಂಡದ ತರಬೇತುದಾರನಾಗಿ ಬಂದ.

1992-93 ಅವನ ಅತ್ಯುತ್ತಮ ವರ್ಷ. ಮೊಣಕಾಲಿನ ನೋವಿನಿಂದ ಕೆಲವು ಪಂದ್ಯಗಳು ತಪ್ಪಿದರೂ ಸರಾಸರಿ 22.3 ಅಂಕ. ವರ್ಷದ ಶ್ರೇಷ್ಠ ಆಟಗಾರರ ಮೂರನೆಯ ತಂಡಕ್ಕೆ ಅವನನ್ನು ಆರಿಸಿದರು. ಆಲ್ ಸ್ಟಾರ್ ಪಂದ್ಯಕ್ಕೆ ಮಾತ್ರ ಕರೆ ಬರಲಿಲ್ಲ. ಅದು ಅವನನ್ನು ಬಹಳ ನೋಯಿಸಿತು. ನೆಟ್ಸ್‌ನೊಡನೆ ಕರಾರು ಮುಗಿಯುತ್ತಿತ್ತು. ಯುರೋಪಿಗೆ ಮರಳುವನೋ ಅಮೆರಿಕದಲ್ಲಿಯೇ ಉಳಿಯುವನೋ ಎಂಬ ಮಾತು ಎಲ್ಲೆಡೆ ನಡೆದಿತ್ತು. ವಯಸ್ಸು ಇಪ್ಪತ್ತೆಂಟು. ಎಸೆತಗಾರನಿಗೆ ಇದು ಕಸುಬು ಪಕ್ವವಾಗುವ ವಯಸ್ಸು; ಕಾಲು ಸ್ವಲ್ಪ ನಿಧಾನವಾದರೂ ಕಣ್ಣೂ ಕೈಯೂ ಇನ್ನು ಏಳೆಂಟು ವರ್ಷ ನಡೆಯುತ್ತವೆ. ಅದರಲ್ಲಿಯೂ ಚೆಂಡಿಲ್ಲದೆ ಆಡಲು ಬಲ್ಲವನಿಗೆ.

1993ರ ಜೂನ್ ತಿಂಗಳ ಆರಂಭದಲ್ಲಿ ಅವನು ಪೋಲೆಂಡಿನ ವ್ರೋಟ್ಸ್ವಾಫ್ ನಗರದಲ್ಲಿ ಕ್ರೊಯೇಷಿಯದ ಪರವಾಗಿ ಸ್ಲೊವೇನಿಯದ ಎದುರು ಆಡಿ 30 ಅಂಕ ಗಳಿಸಿದ. ಮರುದಿನ ತಂಡದವರೆಲ್ಲ ಫ್ರಾಂಕ್‌ಫರ್ಟಿನಲ್ಲಿ ಇಳಿದು ಜಾಗ್ರೆಬ್ಬಿನ ವಿಮಾನ ಹತ್ತಿದರು. ಇವನು ಹತ್ತಲಿಲ್ಲ, ಸ್ನೇಹಿತರೊಡನೆ ಕಾರಿನಲ್ಲಿ ಹೊರಟ. ಜೂನ್ 7, ಸಂಜೆ. ಬವೇರಿಯದ ಡೆಂಕೆಂಡಾರ್ಫ್ ಎಂಬ ಊರಿನ ಬಳಿ ಮಳೆ ಸುರಿಯುತ್ತಿತ್ತು. ಎದುರು ದಾರಿಯಲ್ಲಿ ಬರುತ್ತಿದ್ದ ಲಾರಿಯೊಂದು ಹಿಡಿತ ತಪ್ಪಿ, ನಡುಗಟ್ಟೆಯನ್ನು ಮುರಿದುಕೊಂಡು ಬಂದು ಹೆದ್ದಾರಿಗೆ ಅಡ್ಡಲಾಗಿ ನಿಂತಿತು. ಕಾರು ಅದಕ್ಕೆ ಅಪ್ಪಳಿಸಿತು. ಕಾರು ನಡೆಸುತ್ತಿದ್ದವನು ಡ್ರಾಜೆನ್ ಅಲ್ಲ. ಪಕ್ಕದ ಆಸನದಲ್ಲಿ ನಿದ್ದೆಹೋಗಿದ್ದ. ಅಲ್ಲಿಯೇ ಪ್ರಾಣ ಹೋಯಿತು.

ಅವನನ್ನು ಜಾಗ್ರೆಬ್ಬಿನ ಮಿರೊಗೊಯ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅವನು ಆಡಿದ ಸಿಬೋನದ ಕ್ರೀಡಾಭವನಕ್ಕೆ ಅವನ ಹೆಸರಿಟ್ಟರು. ನೆಟ್ಸ್ ತಂಡ ಅವನ 3ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡಕೂಡದೆಂದು ಗೊತ್ತುಮಾಡಿತು. ಬ್ಯಾಸ್ಕೆಟ್‌ಬಾಲ್ 1891ರಲ್ಲಿ ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನ ಕೀರ್ತಿಮಂದಿರಕ್ಕೆ 2002ರಲ್ಲಿ ಅವನ ಹೆಸರು ಸೇರಿತು. ಡಿವಾಟ್ಸ್ ಹಲವು ವರ್ಷಗಳ ಅನಂತರ ಜಾಗ್ರೆಬ್ಬಿಗೆ ಬಂದು, ಗೆಳೆಯನ ತಾಯಿಯನ್ನು ಕಂಡು, ಸಮಾಧಿಯ ಬಳಿ ನಿಂತದ್ದು 2010ರ ಒಂದು ಸಾಕ್ಷ್ಯಚಿತ್ರದಲ್ಲಿದೆ. ಆ ಭಾಗ ಬಂದಾಗ ನಾನು ಹೆಚ್ಚು ಹೊತ್ತು ನೋಡಲಾರದೆ ಎದ್ದು ಹೋದೆ.

ಈಚೆಗೆ ಒಂದು ಸಂಜೆ ಮೇಷ್ಟರ ಲೆಕ್ಕ ಮತ್ತೆ ನೆನಪಾಗಿ, ನೆಟ್ಸ್ ತಂಡದ 1993ರ ಪಂದ್ಯವೊಂದನ್ನು ಹಾಕಿಸಿ, ಕೈಗಡಿಯಾರವನ್ನು ಎದುರಿಗಿಟ್ಟುಕೊಂಡು ಕುಳಿತೆ. ಡ್ರಾಜೆನ್‌ನ ಕೈಯಲ್ಲಿ ಚೆಂಡು ಎಷ್ಟು ಹೊತ್ತು ಇರುತ್ತದೆಂದು ಎಣಿಸುವ ಉದ್ದೇಶ. ಸ್ವಲ್ಪ ಹೊತ್ತಿಗೆ ಎಣಿಕೆ ತಪ್ಪಿತು. ಕ್ಯಾಮೆರಾ ಚೆಂಡನ್ನೇ ಹಿಂಬಾಲಿಸುತ್ತದೆ. ಚೆಂಡು ಇವನ ಬಳಿ ಇಲ್ಲ. ಹಾಗಾಗಿ ಎಷ್ಟೋ ಸಲ ಇವನು ಚಿತ್ರದಲ್ಲಿಯೇ ಇರುವುದಿಲ್ಲ. ಮೊಮ್ಮಗ ಚೆಂಡು ಹಿಡಿದವನನ್ನು ನೋಡುತ್ತಿದ್ದ. ನಾನು ಚಿತ್ರದ ಅಂಚನ್ನು ನೋಡುತ್ತಿದ್ದೆ. ಅಲ್ಲಿ, ಇಬ್ಬರು ಎತ್ತರದವರ ನಡುವಿನಿಂದ, 3ನೆಯ ಸಂಖ್ಯೆಯ ಅಂಗಿ ತೊಟ್ಟವನು ಒಮ್ಮೆಗೇ ಹೊರಬಂದು ನಿಂತ; ಕಾಲು ಬುಟ್ಟಿಯ ಕಡೆಗಿತ್ತು, ಎರಡು ಕೈಗಳೂ ತೆರೆದಿದ್ದುವು, ಚೆಂಡು ಇನ್ನೂ ಬಂದಿರಲಿಲ್ಲ.